ಮಾಸ್ತರ ದಿಲರುಬಾ ಮತ್ತು ನಾನು ಒತ್ತಿದ ಬಟನ್

ನಾನು ಸಾಲಿ ಬಿಟ್ಟದ್ದು ೧೯೯೫ರಲ್ಲಿ. ನಪಾಸಾಗಿ ಬಿಟ್ಟವನಲ್ಲ, ಎಂಟನೇ ಇಯತ್ತೆ ಪಾಸಾಗಿಯೇ ಬಿಟ್ಟವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮಂದಿ ಬೇರೆ ತಿಳಿಯುತ್ತಾರೆ. ಅಪ್ಪ ಬಾವಿಕಟ್ಟೆಯಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅದು. ಮಣ್ಣೂರಿನಿಂದ ಆಳಂದಕ್ಕೆ ಬಂದು ಒಂದು ಮೈಕ್ ಸೆಟ್ಟಿನ ಅಂಗಡಿಯಲ್ಲಿ ವಾಯರ್ ಸುತ್ತುವ ಕೆಲಸಕ್ಕೆ ನಿಂತೆ. ಹತ್ತು ವರ್ಷಕ್ಕೆ ನನ್ನದೇ ಅಂಗಡಿ ಇಟ್ಟೆ. ಯಾರ ಮುಂದೂ ಕೈ ಚಾಚಲಿಲ್ಲ.

ಹೋದ ವಾರ ಹಳೇ ಕೇಬಲ್ಲುಗಳ ಚೀಲವನ್ನು ಅಂಗಡಿಯ ನೆಲಕ್ಕೆ ಸುರುವಿದೆ. ಇಲಿ ಕಡಿದದ್ದು ಬೇರೆ, ಚಲೋ ಇದ್ದದ್ದು ಬೇರೆ ಮಾಡಬೇಕಿತ್ತು. ತಳದಲ್ಲಿ ತೆಳ್ಳಗಿನ ಕರಿ ಕೇಬಲ್ಲೊಂದು ಸಿಕ್ಕಿತು. ಅದರ ಒಂದು ತುದಿಗೆ ಬಿಳಿ ಹಿಟ್ಟಿನಂಥದ್ದು ಮೆತ್ತಿಕೊಂಡು ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದು ಮೂಗಿಗೆ ಹಿಡಿದೆ. ರಾಳ. ಕಮಾನಿನ ಕುದುರೆಗೂದಲಿಗೆ ತಿಕ್ಕುವ ರಾಳ... ಉಳಿದ ಕೇಬಲ್ಲುಗಳನ್ನು ಹಂಗೇ ಬಿಟ್ಟು ಸ್ಟೂಲಿನ ಮೇಲೆ ಕುಂತೆ. ಮಾಸ್ತರು ನೆನಪಾದರು. ಮರೆತಿದ್ದೆ ಅಂತಲ್ಲ. ಮರೆತವರ ಹಂಗ ಇದ್ದೆ, ಅಷ್ಟೆ.

ಮಣ್ಣೂರಿನ ಸಾಲಿಯಲ್ಲಿ ಐದರಿಂದ ಏಳನೇ ಇಯತ್ತೆಯವರೆಗೆ ನನಗೆ ಕಲಿಸಿದವರು ಅವರು. ಕನ್ನಡ, ಇಂಗ್ಲಿಷು ಎರಡೂ ಅವರದೇ. ನಾನು ಸಾಲಿ ಬಿಡುತ್ತೇನೆ ಅಂದಾಗ ಎರಡು ಸಲ ಮನೆಗೆ ಬಂದರು. ಅಪ್ಪ ಹೊರಸಿನ ಮೇಲೆ ಮಲಗಿದ್ದ. "ಇವನ ತಲಿ ಚಲೋ ಅದ, ಬಿಡಸಬ್ಯಾಡ್ರಿ," ಅಂದರು. ಅಪ್ಪ ಗೋಡೆಯ ಕಡೆ ಮುಖ ತಿರುವಿದ. ಮೂರನೇ ಸಲ ಬಂದಾಗ ನಾನು ಆಳಂದದಲ್ಲಿದ್ದೆನಂತೆ. ಅವ್ವನ ಕೈಯಲ್ಲಿ ಒಂದು ಇಂಗ್ಲಿಷ್ ಡಿಕ್ಷನರಿ ಕೊಟ್ಟು ಹೋದರಂತೆ. ಅದನ್ನು ನಾನು ಬಿಚ್ಚಲಿಲ್ಲ. ಬಿಟ್ಟ ಮೇಲೆ ಬಿಟ್ಟಂತೆ ಅನ್ನುವ ಸಿಟ್ಟು ನನಗೆ ಆಗಲೇ ಇತ್ತು.

ಅವರು ದಿಲರುಬಾ ಬಾರಿಸುತ್ತಿದ್ದರು. ನೋಡದವರಿಗೆ ಹೇಳಬೇಕಂದರೆ, ಸಿತಾರಿನ ಹಂಗ ಕುತ್ತಿಗೆಯ ಮೇಲೆ ಹಿತ್ತಾಳೆಯ ಕಟ್ಟುಗಳಿರುತ್ತವೆ, ಆದರೆ ಮೀಟುವುದಿಲ್ಲ, ಕಮಾನಿನಿಂದ ಎಳೆಯುತ್ತಾರೆ. ಹೊಟ್ಟೆಗೆ ತೊಗಲು ಬಿಗಿದಿರುತ್ತದೆ. ಮೇಲಿನ ನಾಲ್ಕು ತಂತಿ ಬಾರಿಸಲಿಕ್ಕೆ, ಕೆಳಗಿನವು ತಮ್ಮಷ್ಟಕ್ಕೆ ತಾವೇ ಗುಂಯ್‌ಗುಡಲಿಕ್ಕೆ. ಸಣ್ಣವರಿದ್ದಾಗ ಕಲಬುರಗಿಯ ಒಬ್ಬ ಉಸ್ತಾದರ ಮನೆಯಲ್ಲಿ ನೀರು ಹೊತ್ತು ಕಲಿತದ್ದಂತೆ. ಶನಿವಾರ ಮಧ್ಯಾಹ್ನ ಸಾಲಿ ಬಿಟ್ಟ ಮೇಲೆ ಮಾಸ್ತರು ಅದನ್ನು ಹೊರಗೆ ತೆಗೆಯುತ್ತಿದ್ದರು. ನಾವು ಓಡಿಹೋಗುವ ಹುಡುಗರು, ಅದಕ್ಕಾಗಿ ನಿಲ್ಲುತ್ತಿದ್ದೆವು. ಮನುಷ್ಯ ಬಾಯಿ ಮುಚ್ಚಿಕೊಂಡು ಹಾಡಿದರೆ ಹೆಂಗಿರುತ್ತದೋ ಹಂಗಿತ್ತು ಅದರ ದನಿ... ಆದರೆ ಭಾಳ ಸಣ್ಣ ದನಿ. ಎರಡನೇ ಸಾಲಿನಲ್ಲಿ ಕುಂತವರಿಗೆ ಮುಟ್ಟುತ್ತಿರಲಿಲ್ಲ. ಭಜನೆಯಲ್ಲಿ ಹಾರ್ಮೋನಿಯಂ, ತಬಲಾ, ತಾಳ ಶುರುವಾದವೆಂದರೆ ಮಾಸ್ತರ ಕೈ ಆಡುವುದು ಮಾತ್ರ ಕಾಣುತ್ತಿತ್ತು.

ಅವರ ಗೆಳೆಯನೊಬ್ಬ ಜೇವರ್ಗಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಅವನು ಒಂದು ಸುಣ್ಣದ ಡಬ್ಬಿಯಲ್ಲಿ ಬೆರಳುದ್ದದ ಸರ್ಕೀಟು ಕಟ್ಟಿ, ಸಣ್ಣ ಬ್ಯಾಟರಿ ಇಟ್ಟು, ದಿಲರುಬಾದ ಹೊಟ್ಟೆಯ ಹಿಂದೆ ಅಂಟಿಸಿಕೊಟ್ಟ. ತೊಗಲಿನ ನಡುಕವನ್ನು ಹಿಡಿದು ವಾಯರಿಗೆ ಕೊಡುವ ಡಬ್ಬಿ ಅದು. ಆಗಿನ ನಮ್ಮ ಮಿಕ್ಸರುಗಳಲ್ಲಿ ಗದ್ದಲವಿಲ್ಲದ ದಾರಿ ಅಂದರೆ ಮೂರು ಪಿನ್ನಿನ ಮೈಕಿನ ದಾರಿಯೇ. ಅದಕ್ಕೇ ಆತ ಆ ಡಬ್ಬಿಯ ಕೇಬಲ್ಲಿಗೂ ಮೈಕಿನ ಪ್ಲಗ್ಗನ್ನೇ ಹಾಕಿದ್ದ. ಆ ಡಬ್ಬಿ ಬಂದ ಮೇಲೆ ಮಾಸ್ತರ ದನಿ ಕಡೇ ಸಾಲಿಗೂ ಮುಟ್ಟಿತು. ಗೆಳೆಯ ಮುಂದೆ ಎರಡು ವರ್ಷಕ್ಕೆ ತೀರಿಕೊಂಡ. ಅದರ ನಕ್ಷೆ ಕಾಗದದ ಮೇಲೆ ಇರಲಿಲ್ಲ.

ಏಳು ವರ್ಷದ ಹಿಂದೆ ನಾನು ಸೋಲಾಪುರದಿಂದ ಹೊಸ ಆಂಪ್ಲಿಫೈಯರು ತಂದೆ. ದೊಡ್ಡ ಸೆಟ್ಟಿನದಲ್ಲ, ತಂತಿವಾದ್ಯ ಮತ್ತು ಹಾಡುವವರಿಗೆಂದೇ ಮಾಡಿದ್ದು. ಒಬ್ಬ ಎತ್ತಬಹುದಾದ ಕಟ್ಟಿಗೆಯ ಪೆಟ್ಟಿಗೆ, ಅದರಲ್ಲೇ ಸ್ಪೀಕರು, ಎರಡು ಚಾನಲ್ಲು. ರಿವರ್ಬು, ಕೋರಸ್ಸು, ಡಿಲೇ ಅಂತ ದನಿ ಬದಲಿಸುವ ಎಂಟು ಥರದ ಎಫೆಕ್ಟು. ಹಿಂದೆ ಒಂದು ಸಣ್ಣ ಕೆಂಪು ಬಟನ್, ಅದರ ಪಕ್ಕ ನಲವತ್ತೆಂಟು ಅಂತ ಅಂಕಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಅಂಥದ್ದು ನನ್ನ ಒಬ್ಬನ ಹತ್ತಿರವೇ ಇತ್ತು. ಇದನ್ನು ನಾನು ಎಲ್ಲರಿಗೂ ಹೇಳುತ್ತಿದ್ದೆ, ಕೇಳದವರಿಗೂ.

ನಮ್ಮ ಕಡೆ ಎಕೋ ಇಲ್ಲದಿದ್ದರೆ ಸೆಟ್ಟೇ ಅಲ್ಲ. ಕೀರ್ತನೆಯಿರಲಿ, ಪಂಚಾಯತಿ ಚುನಾವಣೆಯ ಭಾಷಣವಿರಲಿ, ಒಂದು ಮಾತು ಮೂರು ಸಲ ಬಾವಿಯೊಳಗಿಂದ ಬಂದ ಹಂಗ ಬರಬೇಕು. ಇಲ್ಲದಿದ್ದರೆ "ಒಣಾ ಅದಲೋ ನಿಂದು" ಅನ್ನುತ್ತಾರೆ. ನಾನು ಹೆಸರು ಮಾಡಿದ್ದೇ ಎಕೋದಿಂದ. ಹೊಸ ಪೆಟ್ಟಿಗೆ ಬಂದ ವಾರವೇ ಮಾಸ್ತರು ದಿಲರುಬಾವನ್ನು ಚಾದರಿನಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಂಗಡಿಗೆ ಬಂದರು. ರಿಟೈರಾಗಿ ಆರೇಳು ವರ್ಷ ಆಗಿತ್ತು. ಕಿಣ್ಣಿ ಸುಲ್ತಾನದಲ್ಲಿ ಶ್ರಾವಣದ ಒಂದು ತಿಂಗಳು ಸಂಜೆ ಪುರಾಣ, ಅಲ್ಲಿ ಗವಾಯಿಯ ಹಿಂದೆ ಸಾಥ್ ಕೊಡಲು ಅವರನ್ನು ಕರೆದಿದ್ದರು. ಸೆಟ್ಟು ನನ್ನದು.

"ನಿನ್ನ ಪೆಟಗಿಗಿ ನನ್ನ ದಿಲರುಬಾ ಸೇರತದೇನು ನೋಡೂಣು, ತಮ್ಮಾ," ಅಂದರು.

ಹಚ್ಚಿದೆ. ಎಫೆಕ್ಟಿನ ತಿರುಗಣಿಯನ್ನು ಅರ್ಧ ತಿರುವಿದೆ. ಮಾಸ್ತರು ಒಂದೇ ಎಳೆತ ಎಳೆದರು, ಅದು ಅಂಗಡಿಯ ಗೋಡೆಗೆಲ್ಲ ಬಡಿದು ತಿರುಗಿ ಬಂತು. ಎದುರಿನ ಚಹಾದಂಗಡಿಯವರು ಎದ್ದು ನೋಡಿದರು. ನನ್ನ ಮುಖ ಅರಳಿತು.

"ಎಕೋ ತಗಿಯಪಾ," ಅಂದರು ಮಾಸ್ತರು. "ನಾ ಒಂದು ಸಲ ಎಳದದ್ದು ಮಂದಿ ಮೂರು ಸಲ ಯಾಕ ಕೇಳಬೇಕು? ನಂದೇನು ಮಗ್ಗಿ ಪಾಠ ಏನು?"

ನನ್ನ ಜೊತೆ ಕೆಲಸಕ್ಕಿದ್ದವನು ನಕ್ಕ. ನಾನೂ ನಕ್ಕೆ, ಎಕೋ ತೆಗೆದೆ. ತಕ್ಷಣ ಆ ಸಾಲಿಯ ಶನಿವಾರದ ದನಿ ಬಂತು... ಅದೇ ಬಾಯಿ ಮುಚ್ಚಿದ ಹಾಡು, ಆದರೆ ಈಗ ಅಂಗಡಿ ತುಂಬ. ಮಾಸ್ತರ ಕಣ್ಣು ಮುಚ್ಚಿದ್ದವು. ಬಾರಿಸಿ ಮುಗಿಸಿ, "ಉಸ್ತಾದರ ಮನ್ಯಾಗ ಹಿಂಗ ಕೇಳಿದ್ದೆ ನೋಡು, ಐವತ್ತು ವರ್ಷದ ಹಿಂದ," ಅಂದರು. ಕಿವಿಯ ಬಗ್ಗೆ ಅವರಿಗೆ ಆಗಲೇ ಒಂದು ಅಂಜಿಕೆ ಇತ್ತು. ಎಡಗಿವಿ ಸ್ವಲ್ಪ ಮಂದ ಆಗಿದೆ ಅನ್ನುತ್ತಿದ್ದರು. "ಕೇಳೂತನಕ ಬಾರಸ್ತೇನಿ. ಇದು ನಿಂತ ದಿನ ನಾ ಸುಮ್ಮ ಉಸಿರಾಡಾವ ಅಷ್ಟೇ."

ಆಮೇಲೆ ಪೆಟ್ಟಿಗೆಯ ಜೊತೆ ಬಂದ ಇಂಗ್ಲಿಷ್ ಪುಸ್ತಕ ಅವರ ಕೈಗೆ ಸಿಕ್ಕಿತು. ಪ್ಲಾಸ್ಟಿಕ್ ಹಾಳೆಯನ್ನು ಕೂಡ ನಾನು ಹರಿದಿರಲಿಲ್ಲ. ಅವರೇ ಹರಿದು, ಚಾಳೀಸು ಹಾಕಿಕೊಂಡು, ಸಾಲಿಯಲ್ಲಿ ಪಾಠ ಓದುತ್ತಿದ್ದ ಹಾಗೆ ಬೆರಳಿಟ್ಟು ಓದತೊಡಗಿದರು. ಒಂದು ವಾಕ್ಯ ಇಂಗ್ಲಿಷು, ಒಂದು ವಾಕ್ಯ ಕನ್ನಡ. ಆ ಕೆಂಪು ಬಟನ್ನಿನ ಪಾಠಕ್ಕೆ ಬಂದರು. ಕೆಲವು ಮೈಕುಗಳಿಗೆ ತಮ್ಮದೇ ಕರೆಂಟು ಬೇಕು. ಅದಕ್ಕೆ ಬೇರೆ ವಾಯರು ಬೇಕಿಲ್ಲ, ದನಿ ಬರುವ ವಾಯರಿನಲ್ಲೇ ಪೆಟ್ಟಿಗೆಯ ಕಡೆಯಿಂದ ನಲವತ್ತೆಂಟು ವೋಲ್ಟು ತಿರುಗಿ ಹೋಗುತ್ತದೆ. ಅದಕ್ಕೆ ಫ್ಯಾಂಟಮ್ ಪವರ್ ಅನ್ನುತ್ತಾರೆ.

"ಕಣ್ಣಿಗಿ ಕಾಣಲಾರದ ಕರೆಂಟು," ಅಂದರು. "ಹೆಸರು ಚಲೋ ಇಟ್ಟಾರ. ತಡಿ, ಮುಂದ ಏನೋ ಹುಷಾರಿ ಮಾತು ಬರದಾರ..."

ಆಗ ಚಹಾದಂಗಡಿಯವನು ಬಾಗಿಲಲ್ಲಿ ನಿಂತು, "ಏನ್ಲೇ, ತಿರುಗಿ ಸಾಲಿಗಿ ಹಚ್ಯಾರೇನು ನಿನಗ?" ಅಂದ.

ನನ್ನ ಕಿವಿ ಕಾದವು. ಮಾಸ್ತರ ಕೈಯಿಂದ ಪುಸ್ತಕ ತಗೊಂಡೆ. ಕಸಿದುಕೊಂಡೆ ಅಂದರೂ ಸುಳ್ಳಲ್ಲ. "ಪುಸ್ತಕ ನೋಡಿ ಸೆಟ್ ಹಚ್ಚಾವ ನಾ ಅಲ್ರಿ ಸರ. ಇಪ್ಪತ್ತು ವರ್ಷ ಆತು, ನನ್ನ ಬೆರಳಿಗಿ ಎಲ್ಲಾ ಗೊತ್ತದ," ಅಂದು ಅದನ್ನು ಸ್ಟೂಲಿನ ಕೆಳಗೆ ಎಸೆದೆ.

ಅವರು ಚಾಳೀಸು ತೆಗೆದು ಕಿಸೆಯಲ್ಲಿಟ್ಟುಕೊಂಡರು. "ಆತಪಾ. ನಿನ್ನ ಕಸಬು ನೀ ಬಲ್ಲಿ," ಅಂದರು. ಕುಹಕದಿಂದ ಅಂದ ಮಾತಲ್ಲ ಅದು. ನಂಬಿಯೇ ಅಂದರು.

ಪುರಾಣದ ಮೊದಲ ಒಂಬತ್ತು ದಿನ... ಅದನ್ನು ಹೆಂಗ ಬರೆಯಲಿ. ಮಠದ ಅಂಗಳದಲ್ಲಿ ಮಂದಿ ದಿನಕ್ಕಿಂತ ದಿನ ಹೆಚ್ಚಾದರು. ಕಡಗಂಚಿಯಿಂದ ಬೈಕಿನ ಮೇಲೆ ಬಂದವರಿದ್ದರು. ಗವಾಯಿ ಒಂದು ವಚನ ಎತ್ತಿಕೊಂಡು ನಿಲ್ಲಿಸಿದ ಜಾಗದಿಂದ ಮಾಸ್ತರು ಎಳೆದುಕೊಂಡು ಹೋಗುತ್ತಿದ್ದರು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಒಲೆಯ ಹತ್ತಿರ ಕೈ ನಿಲ್ಲಿಸುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಎಪ್ಪತ್ತರ ಹತ್ತಿರದ ಮನುಷ್ಯ, ದಿನಾ ಹೊಸ ಧೋತರ ಉಟ್ಟು ಬರುತ್ತಿದ್ದರು. ಗವಾಯಿಗೆ ಇದು ಅಷ್ಟು ಸೇರಲಿಲ್ಲ ಅಂತ ನನಗೆ ಅನಿಸುತ್ತಿತ್ತು. ಮಂದಿ ಹೊರಡುವಾಗ ಮೊದಲು ಮಾಸ್ತರ ಕಾಲು ಮುಟ್ಟುತ್ತಿದ್ದರು.

ಹತ್ತನೆಯ ದಿನ ಗವಾಯಿ ಒಂದು ಹೊಸ ಮೈಕು ತಂದರು. ಹೈದರಾಬಾದಿನ ಭಕ್ತರೊಬ್ಬರು ಕೊಟ್ಟದ್ದಂತೆ. ತೆಳ್ಳಗೆ, ಉದ್ದಕ್ಕೆ, ಬೆಳ್ಳಿಯ ಬಣ್ಣ. ಹಚ್ಚಿದೆ. ದನಿ ಬರಲಿಲ್ಲ. ಅಂಗಳ ತುಂಬಿತ್ತು, ಸ್ವಾಮಿಗಳು ಬಂದು ಕುಂತಾಗಿತ್ತು.

"ಏನಪಾ, ಮೂರು ತಾಲೂಕಿಗಿ ಒಬ್ಬನೇ ಅಂದಿದ್ದಿ," ಅಂದರು ಗವಾಯಿ, ಮಂದಿಗೆ ಕೇಳುವ ಹಾಗೆ. "ನಿನ್ನ ಪೆಟಗಿಗಿ ಈ ಮೈಕಿನ ಭಾಷಾ ಬರಾಂಗಿಲ್ಲೇನು?"

ಮಂದಿ ನಕ್ಕರು. ಇದು ಕರೆಂಟು ಬೇಡುವ ಮೈಕು ಅಂತ ನನಗೆ ಹೊಳೆಯಿತು. ಮಾಸ್ತರು ಓದಿದ ಆ ಒಂದು ಪಾಠ ತಲೆಯಲ್ಲಿತ್ತು. ಪೆಟ್ಟಿಗೆಯ ಹಿಂದೆ ಕೈ ಹಾಕಿ ಕೆಂಪು ಬಟನ್ ಒತ್ತಿದೆ. ಗವಾಯಿಯ ಮೈಕಿಗೆ ಜೀವ ಬಂತು. ಅದೇ ಹೊತ್ತಿಗೆ ಇನ್ನೊಂದು ಚಾನಲ್ಲಿನಿಂದ 'ಡಪ್' ಅಂತ ಒಂದು ಸಪ್ಪಳ. ಬಟನ್ ಒಂದೇ ಇತ್ತು, ಅದು ಎರಡೂ ಚಾನಲ್ಲಿಗೆ ಕರೆಂಟು ಕೊಡುತ್ತಿತ್ತು. ಇನ್ನೊಂದರಲ್ಲಿ ಮಾಸ್ತರ ಡಬ್ಬಿ ಇತ್ತು, ಮೈಕಿನದೇ ಪ್ಲಗ್ಗಿನಲ್ಲಿ. ಒಂಬತ್ತು ವೋಲ್ಟಿನ ಮೇಲೆ ಬದುಕಿದ್ದ ಆ ಬೆರಳುದ್ದದ ಸರ್ಕೀಟಿಗೆ ಹಿಂದಿನಿಂದ ನಲವತ್ತೆಂಟು ಹೋಯಿತು.

ಗವಾಯಿ ಹಾಡು ಎತ್ತಿಕೊಂಡರು. ಮಾಸ್ತರು ಕಮಾನು ಇಟ್ಟರು. ಬಂದದ್ದು ತಗಡನ್ನು ಅರದಿಂದ ಉಜ್ಜಿದ ಸಪ್ಪಳ. ಸ್ವರ ಇತ್ತು, ಆದರೆ ಅದರ ಮೈಯೆಲ್ಲ ಮುಳ್ಳು. ಮಾಸ್ತರು ಗಕ್ಕನೆ ನಿಲ್ಲಿಸಿದರು. ತಂತಿ ನೋಡಿದರು, ಕಟ್ಟು ನೋಡಿದರು, ಕಮಾನಿಗೆ ಎರಡು ಸಲ ರಾಳ ತಿಕ್ಕಿದರು. ಮತ್ತೆ ಎಳೆದರು. ಮತ್ತೆ ಅದೇ.

ಆ 'ಡಪ್' ಏನೆಂದು ನನಗೆ ಆಗ ಹೊಳೆಯಿತು. ನಾನು ಏನು ಮಾಡಿದೆ? ರಿವರ್ಬು ಏರಿಸಿದೆ. ಕೋರಸ್ಸು ಹಾಕಿದೆ. ಒಡೆದ ಗೋಡೆಗೆ ಸುಣ್ಣ ಹೊಡೆದ ಹಾಗೆ. ಅದು ಇನ್ನೂ ಕೆಟ್ಟದಾಯಿತು, ಒಂದು ಅರದ ಬದಲು ನಾಲ್ಕು ಅರ ಉಜ್ಜಿದ ಹಂಗ. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು.

ಮಾಸ್ತರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ತಮ್ಮಾ, ನಿನ್ನ ಕಡಿಂದ ಏನರೆ ಆಗ್ಯಾದೇನು?"

ಇಡೀ ಅಂಗಳ ನನ್ನನ್ನು ನೋಡುತ್ತಿತ್ತು. ಗವಾಯಿಯ ಹುಬ್ಬು ಮೇಲೆ ಹೋಗಿದ್ದವು.

"ಇಲ್ರಿ ಸರ," ಅಂದೆ. "ಮಷಿನ್ ಬರೋಬ್ಬರಿ ಅದ. ನೀವೇ ನೋಡಿಕೋರಿ."

"ವಯಸ್ಸು ಆತು ಮಾಸ್ತರಿಗಿ," ಅಂದರು ಗವಾಯಿ. "ಸಾಕು, ಇವತ್ತು ಆರಾಮ ಮಾಡ್ರಿ."

ಮಾಸ್ತರು ದಿಲರುಬಾವನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕಡೇತನಕ ಕುಂತರು. ಎದ್ದು ಹೋಗಲಿಲ್ಲ. ಮಂಗಳಾರತಿಗೆ ಕೈ ಮುಗಿದರು.

ಮರುದಿನ ಮುಂಜಾನೆ ಅವರು ನನ್ನ ಅಂಗಡಿಗೆ ಬಂದರು. ಮುಖ ನಿದ್ದೆ ಇಲ್ಲದ್ದು. "ಮನ್ಯಾಗ ಬಾರಿಸಿದೆ, ಬರೋಬ್ಬರಿ ಕೇಳತದ," ಅಂದರು. "ನಿನ್ನ ಪೆಟಗ್ಯಾಗ ಇನ್ನೊಮ್ಮೆ ಹಚ್ಚಿ ನೋಡು. ಡಬ್ಬಿ ಕೆಟ್ಟದೋ ಏನೋ."

ಅವರು ತಾವಾಗಿಯೇ ನನಗೆ ಬಾಗಿಲು ತೆರೆದುಕೊಟ್ಟಿದ್ದರು. ಹೌದ್ರಿ, ಡಬ್ಬಿ ಕೆಟ್ಟದ, ನಾ ಕೆಡಿಸಿದೆ ಅಂದಿದ್ದರೆ... ಅದನ್ನೂ ಬಿಡಿ. ದಿಲರುಬಾದ ಮುಂದೆ ಸುಮ್ಮನೆ ಒಂದು ಮೈಕು ಇಟ್ಟಿದ್ದರೆ ಸಾಕಿತ್ತು. ಆ ಕ್ಷಣಕ್ಕೆ ಅದರ ಅಸಲ ದನಿ ಬರುತ್ತಿತ್ತು, ತಪ್ಪು ಅವರ ಕೈಯದಲ್ಲ ಅಂತ ಗೊತ್ತಾಗುತ್ತಿತ್ತು. ಹತ್ತು ಮೈಕು ಗೋಡೆಗೆ ತೂಗುತ್ತಿದ್ದವು. ಗೊತ್ತಾಗುತ್ತದೆ ಅಂತಲೇ ನಾನು ಇಡಲಿಲ್ಲ. ಆ ಹೊತ್ತಿಗೆ ಊರೆಲ್ಲ 'ಮಾಸ್ತರ ಕೈ ಹೋತು' ಅಂತ ಮಾತಾಗಿತ್ತು, 'ಅವನ ಮಷಿನ್ ಹೋತು' ಅಂತ ಅಲ್ಲ. ನನಗೆ ಅದು ಸಮಾಧಾನ ಆಗಿತ್ತು. ಇದನ್ನೂ ಬರೆಯುತ್ತೇನೆ. ಸಮಾಧಾನವೇ ಆಗಿತ್ತು.

ಅವರ ಡಬ್ಬಿಯನ್ನು ಹಚ್ಚಿದೆ. ಅದೇ ಅರದ ಸಪ್ಪಳ. "ಡಬ್ಬಿಗಿ ಏನಾಗಿಲ್ರಿ," ಅಂದೆ. ಅವರು ಅಲ್ಲೇ ನಿಂತರು, ನಾನು ಇನ್ನೂ ಏನೋ ಹೇಳುತ್ತೇನೆ ಅಂತ. ನಾನು ಹೇಳಿದೆ. "ಮನ್ಯಾಗ ಕೇಳೂದು ಬ್ಯಾರಿ ಸರ. ಅಲ್ಲಿ ನಿಮ್ಮ ಮನಸು ತುಂಬಿಕೊಂಡು ಕೇಳತದ. ಮಷಿನ್‌ಗಿ ನಾಚಿಕಿ ಇಲ್ಲ, ಇದ್ದದ್ದು ಇದ್ದಂಗ ಹೇಳತದ. ಸಣ್ಣ ನಡುಕ ಇದ್ರೂ ಕಡೀ ಸಾಲಿಗಿ ಮುಟ್ಟಸತದ."

ಇಷ್ಟು ಚಂದ ಮಾತು ನನಗೆ ಎಲ್ಲಿಂದ ಬಂತೋ.

ಮಾಸ್ತರು ತಮ್ಮ ಎಡಗೈ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡರು. "ಹೌದಪಾ. ನೀ ಕಸಬಿನಾವ. ನಿನಗ ಗೊತ್ತಿರತದ," ಅಂದರು. ಚಾದರಿನಲ್ಲಿ ದಿಲರುಬಾ ಸುತ್ತಿಕೊಂಡರು. ಕೇಬಲ್ಲನ್ನು ಮರೆತು ಹೋದರು. ಕಿಣ್ಣಿ ಸುಲ್ತಾನದಲ್ಲಿ ಉಳಿದ ದಿನಗಳಿಗೆ ಕೀಬೋರ್ಡು ತಂದರು.

ಆಮೇಲೆ ಒಂದು ಸಲ ಮಾತ್ರ ಅವರು ಸಿಕ್ಕರು. ನಾಲ್ಕೈದು ತಿಂಗಳ ನಂತರ, ಮಣ್ಣೂರಿನಲ್ಲಿ ಒಂದು ಸೀಮಂತಕ್ಕೆ ಸೆಟ್ಟು ಕಟ್ಟಲು ಹೋದಾಗ. ಅಂದು ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೊಳೆಯ ಕಡೆಯಿಂದ ಕೋಲು ಹಿಡಿದು ಬರುತ್ತಿದ್ದರು. ಮೊದಲು ಕೋಲು ಇರಲಿಲ್ಲ. "ಕಲಬುರಗಿಗಿ ಹೋಗಿ ಕಿವಿ ತೋರಿಸಿದ್ನಪಾ," ಅಂದರು. "ವಯಸ್ಸಿಗಿ ತಕ್ಕಂಗ ಚಲೋ ಅದ ಅಂದ್ರು ಡಾಕ್ಟರ್. ಕಿವಿ ಚಲೋ ಅದ ಅಂದ ಮ್ಯಾಲ ಕೈನೇ ಹೋಗ್ಯಾದ, ನೀ ಹೇಳಿದ್ದು ಖರೇ." ಅವರು ಅದನ್ನು ಗಣಿತದ ಲೆಕ್ಕ ಬಿಡಿಸಿದ ಹಾಗೆ ಹೇಳಿದರು. ಉತ್ತರ ಬಂದಾಗಿತ್ತು, ಇನ್ನು ಕೇಳುವುದು ಏನೂ ಉಳಿದಿರಲಿಲ್ಲ ಅವರಿಗೆ. ನಾನು ಬಾಯಿ ತೆರೆದೆ. "ಉಂಡು ಹೋಗ್ರಿ ಸರ, ಇಲ್ಲೇ ಊಟ ಅದ," ಅಂದೆ. ಇಷ್ಟೇ ಬಂತು. "ಹಸಿವಿಲ್ಲಪಾ," ಅಂದು ಹೋದರು.

ಮರುವರ್ಷ ಮಾಘದಲ್ಲಿ ತೀರಿಕೊಂಡರು. ಜಡ್ಡು ಅಂತ ಏನೂ ಇರಲಿಲ್ಲವಂತೆ. ಸುದ್ದಿ ಬಂದ ಕೂಡಲೇ ಸೆಟ್ಟು ತಗೊಂಡು ಹೋದೆ. ಬಾಡಿಗೆಯ ಮಾತೇ ಇಲ್ಲ. ಪಡಸಾಲೆಯಲ್ಲಿ ಅವರನ್ನು ಕುಂಡ್ರಿಸಿದ್ದರು, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ. ಭಜನೆಯವರು ಎದುರಿಗೆ ಕುಂತು ವಚನ ಹಾಡುತ್ತಿದ್ದರು. ನಾನು ಮೈಕು ಇಟ್ಟು, ಎಕೋ ಪೂರ್ತಿ ತೆಗೆದು, ಗೋಡೆಗೆ ಒರಗಿ ನಿಂತೆ.

ಮಾಸ್ತರ ಹೆಂಡತಿ ನನ್ನನ್ನು ಕಂಡು, ಎದ್ದು ಬಂದು ಕೈ ಹಿಡಿದುಕೊಂಡರು. ಎಲ್ಲರಿಗೂ ಕೇಳುವ ಹಾಗೆ ಅಂದರು: "ಇಂವ ನೋಡ್ರಿ. ನಮ್ಮವರು ಬಂದವರ ಮುಂದೆಲ್ಲಾ ಇವನ ಹೆಸರೇ ಹೇಳತಿದ್ರು. ಮಂದಿ ನನ್ನ ಮಾರಿ ನೋಡಿ ಚಲೋ ಚಲೋ ಅಂದ್ರು, ಖರೇ ಹೇಳಿದಾವ ನನ್ನ ಶಿಷ್ಯ ಒಬ್ಬನೇ, ಅಂತಿದ್ರು."

ಅಲ್ಲಿದ್ದವರು ನನಗೆ ಜಾಗ ಮಾಡಿಕೊಟ್ಟರು. ಶವದ ಬಲಗಡೆ, ಮನೆಯವರು ಕುಂಡ್ರುವ ಜಾಗ. ನಾನು ಹೋಗಿ ಅಲ್ಲಿ ಕುಂತೆ. ಎದುರಿನ ಗೂಟಕ್ಕೆ ದಿಲರುಬಾ ತೂಗುತ್ತಿತ್ತು. ಅದಕ್ಕೆ ಒಂದೂ ತಂತಿ ಇರಲಿಲ್ಲ. ಮಾಸ್ತರೇ ಒಂದು ಮುಂಜಾನೆ ಪಕ್ಕಡದಿಂದ ಒಂದೊಂದಾಗಿ ಕತ್ತರಿಸಿ, ಸುತ್ತಿ, ಕಾಗದದಲ್ಲಿ ಕಟ್ಟಿ ಇಟ್ಟಿದ್ದರಂತೆ. ಬಣ್ಣದ ಕಟ್ಟಿಗೆ, ಸೊಟ್ಟಾದ ಖುಂಟಿಗಳು... ಮಣ್ಣಿಗೆ ಒಯ್ಯುವ ತನಕ ನಾನು ಅದನ್ನು ಬಿಟ್ಟು ಬೇರೆ ಕಡೆ ನೋಡಲಿಕ್ಕೆ ಆಗಲಿಲ್ಲ.

ಹೋದ ವರ್ಷ ನನ್ನ ಮಗಳು ಫೋನಿನಲ್ಲಿ ಫೋಟೋ ಹಿಡಿದರೆ ಇಂಗ್ಲಿಷು ಕನ್ನಡ ಆಗುವುದನ್ನು ತೋರಿಸಿಕೊಟ್ಟಳು. ಒಬ್ಬನೇ ಇದ್ದಾಗ ಆ ಪುಸ್ತಕ ಹುಡುಕಿ ತೆಗೆದೆ. ಮಾಸ್ತರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ ಮುಂದಿನ ಸಾಲಿಗೆ ಫೋನು ಹಿಡಿದೆ. ಹಾಳೆ ತಿರುವುವ ಕೆಲಸವೂ ಇರಲಿಲ್ಲ, ಅದೇ ಪುಟದ ಮುಂದಿನ ಸಾಲು. ಈ ಕರೆಂಟು ಬೇಡದ ಸಾಮಾನು ಮೈಕಿನ ದಾರಿಯಲ್ಲಿ ಹಚ್ಚಿದ್ದರೆ ಬಟನ್ ಒತ್ತಬೇಡಿ, ಕೆಡುತ್ತದೆ ಅಂತ ಇತ್ತು. ಕನ್ನಡ ಅಡ್ಡಾದಿಡ್ಡಿ ಇತ್ತು, ಆದರೆ ತಿಳಿಯಿತು. ಇನ್ನರ್ಧ ನಿಮಿಷ ಅವರನ್ನು ಓದಲಿಕ್ಕೆ ಬಿಟ್ಟಿದ್ದರೆ...

ಆ ವಾರವೇ ಮಣ್ಣೂರಿಗೆ ಹೋದೆ. ಮಾಸ್ತರ ಹೆಂಡತಿ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಎದುರಿಗೆ ಕುಂತು ಎಲ್ಲ ಹೇಳಿದೆ. ಬಟನ್ನು, ಡಪ್ ಅಂದದ್ದು, ಮರುದಿನ ಆಡಿದ ಮಾತು, ಇಡದೇ ಬಿಟ್ಟ ಮೈಕು. ಅವರು ಮೊರ ಆಡಿಸುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ನಿಲ್ಲಿಸಿದರು.

"ದಿನಾ ಹೇಳತಿದ್ದೆ ಅವರಿಗಿ," ಅಂದರು. "ನಿಮ್ಮ ಕೈಗಿ ಏನೂ ಆಗಿಲ್ಲ, ಮದಲಿನಂಗೇ ಕೇಳಾಕತ್ತದ ಅಂತ. ನಲವತ್ತು ವರ್ಷ ಕೇಳಿದ ಕಿವಿ ನಂದು. ನಿನಗೇನು ತಿಳೀತದ, ಅಂವ ಕಸಬಿನಾವ ಅಂದ್ರು. ನನಗ ಹುಚ್ಚಿ ಅಂದ್ರು. ಅದಕ್ಕೂ ಮದಲ ಒಂದು ದಿನ ಹಂಗ ಅಂದಿರಲಿಲ್ಲ."

"ತಪ್ಪಾತ್ರಿ, ಅವ್ವಾರೆ."

"ಅವರು ಇದ್ದಾಗ ಬರಬೇಕಿತ್ತು."

"ಹೌದ್ರಿ."

"ಈಗ ಯಾಕ ಬಂದಿ? ನಿನ್ನ ಹೊಟ್ಟ್ಯಾಗಿಂದು ನನ್ನ ಹೊಟ್ಟ್ಯಾಗ ಹಾಕಿ ಹೋಗಾಕೇನು?"

ಅವರು ಮೊರ ಎತ್ತಿಕೊಂಡು ಒಳಗೆ ಹೋದರು. ಆ ಮನೆಯಲ್ಲಿ ಚಹಾ ಕುಡಿಯದೆ ನಾನು ಎದ್ದು ಬಂದದ್ದು ಅದೇ ಮೊದಲು. ಸಾಲಿಯ ಹುಡುಗನಿದ್ದಾಗಿನಿಂದ ಅಲ್ಲಿ ಹೋದರೆ ಬಸಿಯಲ್ಲಾದರೂ ಹಾಕಿ ಕೊಡುತ್ತಿದ್ದರು. ಒಳಗಿನಿಂದ ಬಾಗಿಲ ಅಗಳಿ ಬಿದ್ದ ಸಪ್ಪಳ ಬಂತು.

ಹೇಳಿದರೆ ಹಗುರ ಆಗುತ್ತದೆ ಅಂತ ಮಂದಿ ಅನ್ನುತ್ತಾರೆ. ನನಗೆ ಆಗಲಿಲ್ಲ, ಅವರಿಗೂ ಆಗಲಿಲ್ಲ. ನಲವತ್ತು ವರ್ಷ ಕೇಳಿದ ಆ ಕಿವಿಯನ್ನು ಸುಳ್ಳು ಮಾಡಿದವನು ನಾನು. ಗಂಡ ತನ್ನನ್ನು ಹುಚ್ಚಿ ಅಂದದ್ದು ಯಾರ ಮಾತು ನಂಬಿ ಅನ್ನುವುದು ಮಾತ್ರ ಈಗ ಆ ತಾಯಿಗೆ ಗೊತ್ತಾಗಿದೆ. ಈ ಶ್ರಾವಣದಲ್ಲೂ ಕಿಣ್ಣಿ ಸುಲ್ತಾನದ ಪುರಾಣಕ್ಕೆ ನನ್ನದೇ ಸೆಟ್ಟು. 'ಇವನ ಮಷಿನ್ ಒಂದು ದಿನ ಕೆಟ್ಟಿಲ್ಲ' ಅಂತ ಅಲ್ಲಿಯ ಹಿರಿಯರು ಸ್ವಾಮಿಗಳ ಎದುರು ಹೇಳಿದರು. ನಾನು ತಲೆ ತಗ್ಗಿಸಿ ಕೈ ಮುಗಿದೆ. ಮಂದಿ ಅದನ್ನು ವಿನಯ ಅಂದುಕೊಂಡರು.

ಈಗ ನನ್ನ ಹತ್ತಿರ ಇರುವುದು ಮೂರು ಸೆಟ್ಟು, ಇಪ್ಪತ್ತೊಂದು ಮೈಕು, ಒಂದು ಟೆಂಪೊ, ಕೆಲಸಕ್ಕೆ ಇಬ್ಬರು, ಸ್ವಂತದ ಒಂದು ಅಂಗಡಿ. ಫೋನಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿಯ ಗವಾಯಿಗಳ ನಂಬರು ಮೂವತ್ತನಾಲ್ಕು, ತಬಲಾದವರು ಹತ್ತೊಂಬತ್ತು, ಹಾರ್ಮೋನಿಯಂ ಹನ್ನೆರಡು, ಕೀಬೋರ್ಡು ಏಳು. ದಿಲರುಬಾ ಬಾರಿಸುವವರದು ಒಂದೂ ಇಲ್ಲ.